ಅನುಮತಿಯ ಧರ್ಮ

ಪರರು ತನ್ನನ್ನು ಅರಿಯಬೇಕೆಂಬ ಆಸೆಯೂ, ಪರರ ಕಣ್ಣಿಗೆ ತಾನು ಬೀಳಬಾರದೆಂಬ ಆಸೆಯೂ ಮನುಷ್ಯನಲ್ಲಿ ಒಟ್ಟಿಗೇ ಹುಟ್ಟಿದಂತಿವೆ. ಸಂಜೆ ಜಗಲಿಯ ಮೇಲೆ ಕುಳಿತು ಹಾದುಹೋಗುವವರನ್ನೆಲ್ಲ ಮಾತನಾಡಿಸುವವನೇ ರಾತ್ರಿ ಒಳಮನೆಗೆ ಹೋಗಿ ಕದವಿಕ್ಕಿಕೊಳ್ಳುತ್ತಾನೆ. ಇವೆರಡರಲ್ಲಿ ಒಂದು ಸರಳತೆ, ಇನ್ನೊಂದು ಕಪಟ ಎಂದು ಯಾರೂ ಹೇಳುವುದಿಲ್ಲ. ಜಗಲಿಯಿಲ್ಲದ ಮನೆ ಸೆರೆಮನೆಯಂತಾದೀತು. ಕದವಿಲ್ಲದ ಮನೆ ಛತ್ರದಂತಾದೀತು. ಯಾವುದನ್ನು ತೋರಬೇಕು, ಯಾವುದನ್ನು ಮರೆಯಲ್ಲಿಡಬೇಕು, ಅದನ್ನು ನಿಶ್ಚಯಿಸತಕ್ಕವರು ಯಾರು ಎಂಬ ಪ್ರಶ್ನೆಯು ಬಹಳ ಹಳೆಯದು. ಆದರೆ ಹಳೆಯ ಪ್ರಶ್ನೆಗಳು ಹೊಸ ಸಾಧನಗಳ ನಡುವೆ ಕೆಲವು ವೇಳೆ ಹೆಚ್ಚು ಸ್ಪಷ್ಟವಾದ ರೂಪವನ್ನು ತಾಳುತ್ತವೆ. ಅಂತಹ ಸಾಧನಗಳಲ್ಲಿ ಯುನಿಕ್ಸ್ ಎಂಬ ಗಣಕವ್ಯವಸ್ಥೆಯೂ ಒಂದು.

ಯುನಿಕ್ಸ್ ಹುಟ್ಟಿದುದು ೧೯೬೯ರಲ್ಲಿ, ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಮರ್ರೆ ಹಿಲ್ ಎಂಬಲ್ಲಿದ್ದ ಬೆಲ್ ಪ್ರಯೋಗಶಾಲೆಯಲ್ಲಿ. ಅದರ ಮುಖ್ಯ ಕರ್ತೃಗಳು ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬಿಬ್ಬರು. ಆ ಕಾಲದಲ್ಲಿ ಗಣಕಯಂತ್ರವು ಬಹು ಬೆಲೆಬಾಳುವ ವಸ್ತುವಾಗಿದ್ದಿತು. ಒಬ್ಬೊಬ್ಬರಿಗೆ ಒಂದೊಂದು ಎಂಬ ಮಾತೇ ಇರಲಿಲ್ಲ. ಒಂದೇ ಯಂತ್ರವನ್ನು ಅನೇಕರು ತಮ್ಮ ತಮ್ಮ ಮೇಜುಗಳಿಂದ ಏಕಕಾಲದಲ್ಲಿ ಉಪಯೋಗಿಸುತ್ತಿದ್ದರು. ಪ್ರತಿಯೊಬ್ಬರ ಬರಹಗಳನ್ನೂ ಲೆಕ್ಕಗಳನ್ನೂ ಪತ್ರಗಳನ್ನೂ ಕಡತಗಳಾಗಿ ಆ ಯಂತ್ರದೊಳಗೇ ಇಡಬೇಕಾಗಿತ್ತು. ಅದಕ್ಕಾಗಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಒಂದು ಕೋಶವಿದ್ದಿತು. ಯುನಿಕ್ಸಿನ ಪರಿಭಾಷೆಯಲ್ಲಿಯೂ ಅದಕ್ಕೆ ಮನೆ ಎಂದೇ ಹೆಸರು. ಹೀಗೆ ಅದೊಂದು ಅವಿಭಕ್ತ ಕುಟುಂಬ: ಸೂರು ಒಂದು, ಕೋಣೆಗಳು ಹಲವು.

ಒಂದೇ ಸೂರಿನ ಕೆಳಗೆ ಹಲವರು ಬಾಳುವಾಗ ಕಟ್ಟಳೆ ಬೇಕಾಗುತ್ತದೆ. ಯುನಿಕ್ಸ್ ಮಾಡಿಕೊಂಡ ಕಟ್ಟಳೆ ಬಹು ಸರಳವಾದುದು. ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನುಂಟು. ಆ ಕಡತದ ಮಟ್ಟಿಗೆ ಯಂತ್ರವನ್ನು ಉಪಯೋಗಿಸುವ ಜನರೆಲ್ಲರೂ ಮೂರು ವರ್ಗಗಳಾಗುತ್ತಾರೆ: ಒಡೆಯ, ಬಳಗ, ಮಿಕ್ಕವರು. ೧೯೭೧ರ ಮೊದಲ ಕೈಪಿಡಿಯಲ್ಲಿ ಒಡೆಯ ಮತ್ತು ಮಿಕ್ಕವರು ಎಂಬ ಎರಡೇ ವರ್ಗಗಳಿದ್ದವು; ಬಳಗವೆಂಬುದು ಬಳಿಕ ಸೇರಿತು. ಒಂದೊಂದು ವರ್ಗಕ್ಕೂ ಮೂರು ಅನುಮತಿಗಳು: ಓದುವುದು, ಬರೆಯುವುದು, ನಡೆಸುವುದು. ಒಟ್ಟು ಒಂಬತ್ತು ಗುರುತುಗಳಾದವು. ಓದುವುದಕ್ಕೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧ ಎಂದು ಬೆಲೆಯನ್ನಿಟ್ಟು ಕೂಡಿಸಿ, ಮೂರು ವರ್ಗಗಳಿಗೆ ಮೂರು ಅಂಕೆಗಳನ್ನು ಬರೆಯುವುದು ವಾಡಿಕೆ. ೬೦೦ ಎಂದರೆ ಒಡೆಯನು ಓದಬಹುದು, ಬರೆಯಬಹುದು. ಬೇರೆ ಯಾರಿಗೂ ಏನೂ ಇಲ್ಲ. ೬೪೪ ಎಂದರೆ ಬರೆಯುವವನು ಒಡೆಯನೊಬ್ಬನೇ, ಓದುವವರು ಎಲ್ಲರೂ.

ಕಡತಗಳನ್ನಿಡುವ ಕೋಶದ ವಿಷಯಕ್ಕೆ ಬಂದಾಗ ಈ ಮೂರು ಅನುಮತಿಗಳ ಅರ್ಥವು ಬೇರೆಯಾಗುತ್ತದೆ. ಧರ್ಮವಿಚಾರ ಮಾಡುವವನು ಗಮನಿಸತಕ್ಕ ಸೂಕ್ಷ್ಮ ಇರುವುದು ಇಲ್ಲಿಯೇ. ಕೋಶವನ್ನು ಓದುವುದೆಂದರೆ ಅದರೊಳಗೆ ಏನೇನಿದೆ ಎಂಬ ಹೆಸರಿನ ಪಟ್ಟಿಯನ್ನು ನೋಡುವುದು. ಬರೆಯುವುದೆಂದರೆ ಅಲ್ಲಿ ಹೆಸರುಗಳನ್ನು ಸೇರಿಸುವುದು, ಇರುವುದನ್ನು ತೆಗೆದುಹಾಕುವುದು. ನಡೆಸುವುದೆಂದರೆ ಹೊಸ್ತಿಲನ್ನು ದಾಟಿ, ಹೆಸರು ಗೊತ್ತಿರುವ ಒಂದು ವಸ್ತುವಿನವರೆಗೆ ಹೋಗುವುದು. ಒಂದು ಕೆಲಸಕ್ಕಾಗಿ ದಾಟಿಬರಲು ಬಿಡುವುದು ಬೇರೆ, ಒಳಗೆಲ್ಲ ಕಣ್ಣಾಡಿಸಲು ಬಿಡುವುದು ಬೇರೆ ಎಂಬ ವಿವೇಕವನ್ನು ಸಭ್ಯರಾದ ಮನೆಯವರೂ ಸಭ್ಯರಾದ ಅತಿಥಿಗಳೂ ಯಾವಾಗಲೂ ಬಲ್ಲರು. ನೀರು ಕೇಳಿದವನನ್ನು ನಡುಮನೆಗೆ ಕರೆದರೆ, ಅವನು ಪೆಟ್ಟಿಗೆಗಳನ್ನು ಎಣಿಸುವುದಿಲ್ಲ. ಸಭ್ಯತೆಯಲ್ಲಿ ಅಡಗಿದ್ದ ಈ ಭೇದವನ್ನು ಯುನಿಕ್ಸ್ ಎರಡು ಪ್ರತ್ಯೇಕ ಗುರುತುಗಳನ್ನಾಗಿ ಬರೆದಿಟ್ಟಿತು.

ಇನ್ನು ಜಗಲಿಯ ವಿಷಯ. ೧೯೭೧ರಲ್ಲಿ, ಯುನಿಕ್ಸ್ ಬೆಲ್ ಪ್ರಯೋಗಶಾಲೆಯಿಂದ ಹೊರಕ್ಕೆ ಬರುವುದಕ್ಕೆ ಮೊದಲೇ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೃತಕಬುದ್ಧಿ ಪ್ರಯೋಗಶಾಲೆಯಲ್ಲಿದ್ದ ಲೆಸ್ ಅರ್ನೆಸ್ಟ್ ಎಂಬವರು ಫಿಂಗರ್ ಎಂಬ ಆಜ್ಞೆಯೊಂದನ್ನು ರಚಿಸಿದರು. ಯಂತ್ರದಲ್ಲಿ ಆಗ ಯಾರು ಯಾರು ಕೆಲಸಮಾಡುತ್ತಿದ್ದಾರೆಂದು ತಿಳಿಯಲು ಜನರು ಹೆಸರುಗಳ ಪಟ್ಟಿಯ ಮೇಲೆ ಬೆರಳನ್ನು ಜಾರಿಸುತ್ತ ಹುಡುಕುತ್ತಿದ್ದುದನ್ನು ಅವರು ಕಂಡಿದ್ದರು. ಬೆರಳೆಂಬ ಹೆಸರು ಬಂದುದು ಅದರಿಂದ. ಆ ಪ್ರಯೋಗಶಾಲೆಯವರಿಗೆ ಹಗಲು ರಾತ್ರಿಯೆಂಬ ನಿಯಮವಿರಲಿಲ್ಲ. ಸಹೋದ್ಯೋಗಿಯು ಎಂದು ಸಿಕ್ಕುವನು, ಎಷ್ಟು ದಿನ ಊರಿನಲ್ಲಿರುವುದಿಲ್ಲ ಎಂಬುದು ಉಳಿದವರಿಗೆ ನಿಜವಾಗಿಯೂ ಬೇಕಾದ ಸಂಗತಿಯಾಗಿದ್ದಿತು. ಅದಕ್ಕಾಗಿ ಪ್ರತಿಯೊಬ್ಬನೂ ಪ್ಲಾನ್ ಎಂಬ ಚಿಕ್ಕ ಕಡತವೊಂದರಲ್ಲಿ ತನ್ನ ವಿಷಯವಾಗಿ ಹೇಳಬೇಕಾದುದನ್ನು ಬರೆದಿಡುವ ಪದ್ಧತಿ ಬಂದಿತು. ೧೯೭೯ರ ವೇಳೆಗೆ ಬರ್ಕ್ಲಿ ವಿಶ್ವವಿದ್ಯಾನಿಲಯದ ಯುನಿಕ್ಸಿಗೂ ಫಿಂಗರ್ ಬಂದು ಸೇರಿತು. ಒಬ್ಬನು ತನ್ನ ಪ್ರಯಾಣದ ದಿನಗಳನ್ನು ಬರೆದನು. ಇನ್ನೊಬ್ಬನು ತಾನು ಮೆಚ್ಚಿದ ಮಾತನ್ನು ಬರೆದನು. ೧೯೯೬ರಿಂದ ಜಾನ್ ಕಾರ್ಮ್ಯಾಕ್ ಎಂಬ ಪ್ರಸಿದ್ಧ ಕ್ರಮವಿಧಿಕಾರರು ತಮ್ಮ ಕೆಲಸದ ವಿವರಗಳನ್ನು ಅದೇ ಕಡತದಲ್ಲಿ ಬರೆಯುತ್ತ ಬಂದರು. ದೂರದ ಅಪರಿಚಿತರು ಅದನ್ನು ಕಾದು ಓದುತ್ತಿದ್ದರು.

ಆದರೆ ಪ್ಲಾನ್ ಕಡತವಿರುವುದು ಜಗಲಿಯಲ್ಲಲ್ಲ, ಮನೆಯೊಳಗೆ. ಅದನ್ನು ಎತ್ತಿ ತೋರಿಸುವ ಫಿಂಗರಿಗೆ ಸಾಮಾನ್ಯವಾಗಿ ಯಾವ ವಿಶೇಷಾಧಿಕಾರವೂ ಇಲ್ಲ. ಕೇಳಿದವನಿಗೆ ಎಷ್ಟು ಅನುಮತಿಯಿದೆಯೋ ಅದಕ್ಕೂ ಅಷ್ಟೇ. ಆದುದರಿಂದ ಪ್ಲಾನನ್ನು ಲೋಕಕ್ಕೆ ತೋರಬೇಕೆನ್ನುವವನು ಎರಡು ಕೆಲಸಗಳನ್ನು ಮಾಡಬೇಕು. ಆ ಕಡತವನ್ನು ಎಲ್ಲರೂ ಓದುವಂತೆ ೬೪೪ ಎಂದು ಗುರುತಿಸಬೇಕು. ತನ್ನ ಮನೆಯ ಹೊಸ್ತಿಲನ್ನು ಎಲ್ಲರೂ ದಾಟುವಂತೆ ೭೧೧ ಎಂದು ಗುರುತಿಸಬೇಕು. ಆಗ ಬಂದವನು ಪ್ಲಾನ್ ಎಂಬ ಹೆಸರನ್ನು ಹಿಡಿದು ನೇರವಾಗಿ ಅದರ ಬಳಿಗೆ ಹೋಗಬಲ್ಲನು. ಮಿಕ್ಕ ಕಡತಗಳ ಹೆಸರಿನ ಪಟ್ಟಿ ಅವನಿಗೆ ಕಾಣದು. ಅವಸರದಲ್ಲಿ ೭೫೫ ಎಂದು ಬರೆದವನು ಪಟ್ಟಿಯನ್ನೂ ಒಪ್ಪಿಸಿದಂತಾಯಿತು. ಬೇಸರದಿಂದ ೭೭೭ ಎಂದು ಬರೆದವನಂತೂ ಬಂದವರು ತನ್ನ ಮನೆಯಿಂದ ಬೇಕಾದುದನ್ನು ತೆಗೆದುಹಾಕುವುದಕ್ಕೂ ಅಪ್ಪಣೆ ಕೊಟ್ಟಂತೆಯೇ ಸರಿ. ಏಕೆಂದರೆ ಕಡತವನ್ನು ಅಳಿಸುವ ಅಧಿಕಾರವು ಕಡತದ ಗುರುತನ್ನಲ್ಲ, ಅದಿರುವ ಕೋಶದ ಗುರುತನ್ನು ಅವಲಂಬಿಸಿರುತ್ತದೆ. ೭೧೧ರಲ್ಲಿಯೂ ಒಂದು ಎಚ್ಚರ ಬೇಕು. ಪಟ್ಟಿ ಕಾಣದಿದ್ದರೂ ಹೆಸರನ್ನು ಊಹಿಸಬಲ್ಲವನು, ಓದಲು ಬಿಟ್ಟಿರುವ ಯಾವ ಕಡತವನ್ನಾದರೂ ತೆರೆಯಬಲ್ಲನು. ಹೆಸರು ಗೊತ್ತಿಲ್ಲವೆಂಬುದು ಬೀಗವಲ್ಲ. ಮರೆಯಲ್ಲಿರತಕ್ಕ ಕಡತಕ್ಕೆ ೬೦೦ ಎಂಬ ಗುರುತು ಪ್ರತ್ಯೇಕವಾಗಿ ಇರಲೇಬೇಕು.

ಇದರಿಂದ ಮೊದಲು ತಿಳಿಯುವ ತತ್ತ್ವವೇನೆಂದರೆ, ಕೊಡುವುದೂ ಕಾಯುವುದೂ ಪರಸ್ಪರ ವೈರಿಗಳಲ್ಲ. ಎರಡೂ ಒಂದೇ ಅಧಿಕಾರದ ಎರಡು ಕೈಗಳು. ಮುಚ್ಚುವ ಶಕ್ತಿ ಯಾರಿಗಿಲ್ಲವೋ ಅವನು ತೆರೆದಿಟ್ಟುದಕ್ಕೆ ದಾನವೆಂಬ ಹೆಸರು ಸಲ್ಲದು. ಪ್ಲಾನ್ ಕಡತದ ಸೊಗಸು ಇದ್ದುದು ಒಡೆಯನು ತಾನೇ ಬರೆದು, ತಾನೇ ತೆರೆದಿಟ್ಟುದರಲ್ಲಿ.

ಆದರೆ ಫಿಂಗರ್ ತೋರಿಸುತ್ತಿದ್ದುದು ಒಡೆಯನು ಬರೆದಿಟ್ಟುದನ್ನು ಮಾತ್ರವಲ್ಲ. ಅವನು ಕೊನೆಯ ಸಲ ಯಂತ್ರದ ಬಳಿಗೆ ಬಂದುದು ಎಂದು, ಬಂದು ಎಷ್ಟು ಹೊತ್ತು ಕೈಕಟ್ಟಿ ಕುಳಿತಿದ್ದಾನೆ, ತನಗೆ ಬಂದ ಪತ್ರಗಳನ್ನು ಓದಿದ್ದಾನೆಯೇ ಇಲ್ಲವೇ ಎಂಬುದನ್ನೂ ಅದು ತಿಳಿಸುತ್ತಿದ್ದಿತು. ಇದನ್ನು ಅವನು ಹೇಳಲಿಲ್ಲ. ಅವನ ವಿಷಯವಾಗಿ ಯಂತ್ರವು ಸಾಕ್ಷಿ ನುಡಿಯಿತು. ತಾನು ಹೇಳಿಕೊಂಡುದು ಬೇರೆ, ತನ್ನ ಮೇಲೆ ಹೇಳಲ್ಪಟ್ಟುದು ಬೇರೆ. ಉತ್ತರ ಬರೆಯಲು ಎರಡು ದಿನ ತಡೆದವನಿಗೆ ಸಾವಿರ ಕಾರಣಗಳಿರಬಹುದು. ಪತ್ರವನ್ನು ಓದಿಯೂ ಸುಮ್ಮನಿದ್ದಾನೆಂಬ ಒಂದು ವಾಕ್ಯವು ಆ ಕಾರಣಗಳನ್ನೆಲ್ಲ ನುಂಗಿ ಅವನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ.

೧೯೭೯ರ ಆರಂಭದಲ್ಲಿ ಈ ವಿಷಯವಾಗಿಯೇ ಅಮೆರಿಕದ ಗಣಕಜ್ಞರಲ್ಲಿ ದೊಡ್ಡ ವಿವಾದವು ಎದ್ದಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಐವರ್ ಡರ್ಹ್ಯಾಮ್ ಎಂಬವರು ಅಲ್ಲಿಯ ಫಿಂಗರನ್ನು ತಿದ್ದಿ, ತನ್ನ ವಿಷಯದಲ್ಲಿ ಯಾವುದನ್ನು ತೋರಬೇಕು, ಯಾವುದನ್ನು ತೋರಬಾರದು ಎಂಬುದನ್ನು ಆಯಾ ಮನುಷ್ಯನೇ ನಿಶ್ಚಯಿಸುವಂತೆ ಮಾಡಿದ್ದರು. ಜನರ ಏಕಾಂತವನ್ನು ಕಾಯ್ದ ಈ ಕೆಲಸಕ್ಕೆ ಹೊಗಳಿಕೆ ದೊರೆಯಬೇಕಾಗಿತ್ತೆಂದು ಇಂದಿನವರಿಗೆ ತೋರಬಹುದು. ದೊರೆತುದು ಕಟುವಾದ ನಿಂದೆ. ಆ ಕಾಲದ ಗಣಕಜಾಲದ ಜೀವವೇ ಮುಕ್ತತೆಯಲ್ಲಿದೆಯೆಂದು ನಂಬಿದ್ದವರಿಗೆ, ಒಬ್ಬನು ಮರೆಯನ್ನು ಕಟ್ಟಿದುದೇ ದ್ರೋಹವಾಗಿ ಕಂಡಿತು.

ಈ ಪೂರ್ವಪಕ್ಷವನ್ನು ಹಗುರಾಗಿ ಎಣಿಸಲಾಗದು. ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದ ಕೃತಕಬುದ್ಧಿ ಪ್ರಯೋಗಶಾಲೆಯಲ್ಲಿದ್ದ ವ್ಯವಸ್ಥೆಯಲ್ಲಿ ಕಡತಗಳಿಗೆ ಕಾಪೇ ಇರಲಿಲ್ಲ. ಯಾರ ಕಡತವನ್ನು ಯಾರಾದರೂ ಓದಬಹುದಾಗಿತ್ತು, ತಿದ್ದಬಹುದಾಗಿತ್ತು. ಆ ಸಂಪ್ರದಾಯದಲ್ಲಿ ಬೆಳೆದ ರಿಚರ್ಡ್ ಸ್ಟಾಲ್‌ಮನ್ ಅವರು ನೆರೆಯ ಗಣಕಶಾಲೆಗೆ ಗುಪ್ತಪದಗಳು ಬಂದಾಗ ಅವುಗಳನ್ನು ಬಿಡಿಸುವ ದಾರಿಯನ್ನು ಕಂಡುಹಿಡಿದು, ಗುಪ್ತಪದದ ಜಾಗವನ್ನು ಬರಿದಾಗಿ ಬಿಡಿರೆಂದು ಜನರಿಗೆ ಸಲಹೆಮಾಡಿದರು. ಅವರ ವಾದದ ತಿರುಳು ಇಷ್ಟು: ಬೀಗಗಳು ಅಧಿಕಾರವನ್ನು ಹುಟ್ಟಿಸುತ್ತವೆ, ಬೀಗದ ಕೈ ಯಾರಲ್ಲಿದೆಯೋ ಅವರು ಆಳುವವರಾಗುತ್ತಾರೆ, ಮಿಕ್ಕವರು ಬೇಡುವವರಾಗುತ್ತಾರೆ. ಪರಸ್ಪರ ನಂಬಿಕೆಯಿಂದ ದುಡಿಯುವ ಮನೆಯಲ್ಲಿ ಬೀಗವೇಕೆ?

ಈ ಮಾತಿನಲ್ಲಿ ಸತ್ಯವುಂಟು. ಆ ಪ್ರಯೋಗಶಾಲೆಗಳಲ್ಲಿ ಅನೇಕ ಉತ್ತಮ ಕೃತಿಗಳು ಒಬ್ಬರ ಬರಹವನ್ನು ಇನ್ನೊಬ್ಬರು ಕೇಳದೆಯೇ ತಿದ್ದಿದುದರಿಂದ ಬೆಳೆದವು. ಆದರೆ ಇದಕ್ಕೆ ಸಮಾಧಾನವೇನೆಂದರೆ, ಅಲ್ಲಿ ಮುಕ್ತತೆಯು ಹಿತವಾಗಿದ್ದುದು ಎಲ್ಲರೂ ಎಲ್ಲರನ್ನೂ ಬಲ್ಲವರಾಗಿದ್ದುದರಿಂದ. ನೋಡುವವನನ್ನು ನೋಡಲ್ಪಡುವವನೂ ನೋಡಬಲ್ಲವನಾಗಿದ್ದನು. ಜಾಲವು ಬೆಳೆದು, ಕೇಳುವವನು ಸಾವಿರ ಮೈಲಿಗಳಾಚೆಯ ಅಪರಿಚಿತನಾದ ಮೇಲೆ ಆ ಸಮತೆ ಉಳಿಯಲಿಲ್ಲ. ಒಂದೆಡೆ ಕಣ್ಣು ಮಾತ್ರ, ಇನ್ನೊಂದೆಡೆ ಕಾಣಿಕೆ ಮಾತ್ರ ಆಯಿತು. ಗೆಳೆಯರಲ್ಲಿ ಸಹಜವಾಗಿದ್ದ ಸಲಿಗೆಯನ್ನು ಅಪರಿಚಿತರು ಹಕ್ಕಾಗಿ ಕೇಳಿದರೆ ಅದು ಸಲಿಗೆಯಾಗಿ ಉಳಿಯದು.

ಇನ್ನೊಂದು ಆಕ್ಷೇಪವು ಜನಸಾಮಾನ್ಯವಾದುದು: ತಪ್ಪು ಮಾಡದವನು ಮರೆಮಾಡುವುದೇಕೆ? ಮರೆಯು ತಪ್ಪಿಗೆ ಮಾತ್ರ ಬೇಕೆಂದು ಭಾವಿಸುವುದರಿಂದ ಈ ಪ್ರಶ್ನೆ ಹುಟ್ಟುತ್ತದೆ. ಅರ್ಧ ಬರೆದ ಕಾವ್ಯವು ತಪ್ಪಲ್ಲ, ಆದರೂ ಕವಿಯು ಅದನ್ನು ಮುಚ್ಚಿಡುತ್ತಾನೆ. ವೈದ್ಯನಿಗೆ ಹೇಳಿದ ರೋಗವು ಪಾಪವಲ್ಲ, ಆದರೂ ಅದು ಬೀದಿಯ ಮಾತಲ್ಲ. ಇವೆಲ್ಲಕ್ಕಿಂತ ಗಹನವಾದ ಇನ್ನೊಂದು ಸಂಗತಿಯುಂಟು. ಒಬ್ಬನ ಮನೆಯಲ್ಲಿರುವ ಗುಟ್ಟು ಅವನೊಬ್ಬನದೇ ಆಗಿರುವುದಿಲ್ಲ. ಗೆಳೆಯನು ತನ್ನ ದುಃಖವನ್ನು ತೋಡಿಕೊಂಡು ಬರೆದ ಪತ್ರವು ಯಾರಿಗೆ ಬಂದಿತೋ ಅವನ ಕಡತವಾಗಿ ಕೂಡುತ್ತದೆ. ಯುನಿಕ್ಸಿನ ಲೆಕ್ಕದಲ್ಲಿ ಆ ಕಡತಕ್ಕೆ ಒಬ್ಬನೇ ಒಡೆಯ. ಆದರೆ ಆ ಗುಟ್ಟಿಗೆ ಇಬ್ಬರು ಒಡೆಯರು. ಬರೆದವನಿಗೆ ಆ ಕಡತದ ಮೇಲೆ ಒಂದು ಗುರುತಿನ ಅಧಿಕಾರವೂ ಇಲ್ಲ. ಕೈಯಲ್ಲಿರುವವನು ೬೪೪ ಎಂದು ಬರೆದುಬಿಟ್ಟರೆ, ಯಂತ್ರವು ಅದನ್ನು ಒಡೆಯನ ನ್ಯಾಯವಾದ ಅಪ್ಪಣೆಯೆಂದೇ ಸ್ವೀಕರಿಸುತ್ತದೆ. ನನ್ನದನ್ನು ನಾನು ತೆರೆದಿಟ್ಟೆನೆಂದು ಅವನು ಹೇಳಿಕೊಳ್ಳಬಹುದು, ತೆರೆದಿಟ್ಟುದು ಇನ್ನೊಬ್ಬನನ್ನು. ತನ್ನ ಮರೆಯಲ್ಲಿ ತನಗೆ ಆಸೆಯಿಲ್ಲದವನೂ ತನ್ನನ್ನು ನಂಬಿದವರಿಗಾಗಿ ಕದವನ್ನು ಹಾಕಬೇಕಾದುದು ಹೀಗೆ ಕರ್ತವ್ಯವಾಗುತ್ತದೆ.

ಅನುಮತಿಯ ಗುರುತುಗಳು ಹೇಳುವುದು ಆಗುವುದೇ, ಆಗದೇ ಎಂಬುದನ್ನು ಮಾತ್ರ. ತಕ್ಕುದೇ, ತಗದೇ ಎಂಬುದನ್ನು ಅವು ಹೇಳಲಾರವು. ಕದ ತೆರೆದಿರುವುದು ಬಾ ಎಂಬ ಕರೆಯಾಗಿರಬಹುದು, ಇಲ್ಲವೆ ಮರೆವಾಗಿರಬಹುದು. ಬಹುಮಂದಿ ತಮ್ಮ ಕಡತಗಳ ಗುರುತನ್ನು ಎಂದೂ ಯೋಚಿಸುವುದಿಲ್ಲ. ಹೊಸ ಕಡತಕ್ಕೆ ಯಾವ ಅನುಮತಿಗಳು ಸಲ್ಲಬಾರದೆಂದು ಮೊದಲೇ ಹೇಳಿಡುವ ಯುಮಾಸ್ಕ್ ಎಂಬ ನಿಯಮವೊಂದುಂಟು. ಬಹುಕಾಲದ ವಾಡಿಕೆಯಂತೆ ಅದರ ಬೆಲೆ ೦೨೨. ಎಂದರೆ, ಯಾರೂ ಏನೂ ಹೇಳದಿದ್ದರೆ ಹೊಸ ಕಡತವನ್ನು ಎಲ್ಲರೂ ಓದಬಹುದು. ಯುನಿಕ್ಸಿನ ಮಾದರಿಯಲ್ಲಿ ಬೆಳೆದ ಲಿನಕ್ಸಿನ ಒಂದು ಪ್ರಸಿದ್ಧ ರೂಪವಾದ ಉಬುಂಟುವಿನಲ್ಲಿ, ಹೊಸಬನ ಮನೆಯು ೭೫೫ ಎಂಬ ಗುರುತಿನೊಡನೆಯೇ ಹುಟ್ಟುತ್ತಿದ್ದಿತು. ಅದು ೭೫೦ ಆದುದು ೨೦೨೧ರ ಏಪ್ರಿಲ್ ತಿಂಗಳಲ್ಲಿ ಬಂದ ಆವೃತ್ತಿಯಲ್ಲಿ. ಅಷ್ಟು ವರ್ಷಗಳ ಕಾಲ ಅಸಂಖ್ಯ ಮನೆಗಳ ಪಟ್ಟಿಗಳು ತೆರೆದಿದ್ದುದು ಒಡೆಯರು ತೆರೆದುದರಿಂದಲ್ಲ, ಮುಚ್ಚಲು ಅರಿಯದುದರಿಂದ. ನಿಶ್ಚಯಿಸದವರ ಪರವಾಗಿ ನಿಶ್ಚಯಿಸುವವನು ಪೂರ್ವನಿಯಮವನ್ನು ಬರೆಯುವವನೇ. ಅವನ ಹೊಣೆ ಒಬ್ಬೊಬ್ಬ ಒಡೆಯನ ಹೊಣೆಗಿಂತಲೂ ಹೆಚ್ಚಿನದು.

ಫಿಂಗರಿನ ಮುಂದಿನ ಕಥೆ ಸುಖದ್ದಲ್ಲ. ೧೯೮೮ರ ನವೆಂಬರ್ ೨ರಂದು, ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ರಾಬರ್ಟ್ ಮಾರಿಸ್ ಎಂಬವನು ತಾನಾಗಿ ಹರಡುವ ಕ್ರಮವಿಧಿಯೊಂದನ್ನು ಜಾಲದಲ್ಲಿ ಬಿಟ್ಟನು. ಅದು ನುಗ್ಗಿದ ದಾರಿಗಳಲ್ಲಿ ಫಿಂಗರ್ ಸೇವೆಯೂ ಒಂದು. ಕೇಳುವವನ ಪ್ರಶ್ನೆಯನ್ನು ಇಡಲು ಆ ಸೇವೆಯಲ್ಲಿ ೫೧೨ ಅಕ್ಷರಗಳಷ್ಟು ಜಾಗವಿದ್ದಿತು. ಪ್ರಶ್ನೆ ಎಷ್ಟು ಉದ್ದವಿದೆಯೆಂದು ಅಳೆಯುವ ಎಚ್ಚರವಿರಲಿಲ್ಲ. ಉದ್ದವಾದ ಪ್ರಶ್ನೆಯು ಜಾಗವನ್ನು ಮೀರಿ ಹರಿದು ಆಜ್ಞೆಯಾಗಿ ಪರಿಣಮಿಸಿತು. ಹಾಳಾದ ಯಂತ್ರಗಳು ಸುಮಾರು ೬,೦೦೦ ಎಂದು ಆಗ ಅಂದಾಜು ಮಾಡಿದರು. ೧೯೯೦ರಲ್ಲಿ ನ್ಯಾಯಾಲಯವು ಅವನಿಗೆ ೩ ವರ್ಷಗಳ ನಿಗಾವಣೆ, ೪೦೦ ಗಂಟೆಗಳ ಸಮಾಜಸೇವೆ ಮತ್ತು ೧೦,೦೫೦ ಡಾಲರುಗಳ ದಂಡವನ್ನು ವಿಧಿಸಿತು. ೧೯೯೧ರ ಡಿಸೆಂಬರಿನಲ್ಲಿ ಹೊರಬಂದ ಫಿಂಗರಿನ ನಿಯಮಪತ್ರವು, ಈ ಸೇವೆಯು ಜನರ ವಿಷಯವನ್ನು ಹೊರಗೆಡಹುತ್ತದೆಯಾದುದರಿಂದ ಅದನ್ನು ನಡೆಸಬೇಕೇ, ಏನೇನನ್ನು ತಿಳಿಸಬೇಕು ಎಂಬುದನ್ನು ಮೇಲ್ವಿಚಾರಕರು ಸ್ಪಷ್ಟವಾಗಿ ನಿಶ್ಚಯಿಸಬೇಕೆಂದು ವಿಧಿಸಿತು. ಕ್ರಮೇಣ ಹೆಚ್ಚಿನ ಸಂಸ್ಥೆಗಳು ಆ ಸೇವೆಯನ್ನೇ ಮುಚ್ಚಿದವು. ಹಿಂದೆ ಎಲ್ಲರ ಪರವಾಗಿ ತೆರೆದಿಟ್ಟವರೂ, ಬಳಿಕ ಎಲ್ಲರ ಪರವಾಗಿ ಮುಚ್ಚಿದವರೂ ಒಂದೇ ತಪ್ಪಿಗೆ ಹತ್ತಿರ ಬಂದರು. ಯಾರ ವಿಷಯವೋ ಅವರನ್ನು ಕೇಳುವುದು ಎರಡು ಕಡೆಯೂ ಹಿಂದೆ ಉಳಿಯಿತು. ಕಳ್ಳನ ಭಯದಿಂದ ಬೀದಿಯ ಜಗಲಿಗಳನ್ನೆಲ್ಲ ಒಡೆಸಿದರೆ ಕಳ್ಳತನವು ಕಡಿಮೆಯಾದೀತು, ನೆರೆಹೊರೆಯೂ ಕಡಿಮೆಯಾಗುತ್ತದೆ.

ಕೊನೆಯದಾಗಿ ವಿಚಾರಿಸತಕ್ಕ ಸಂಗತಿಯೊಂದಿದೆ. ಯುನಿಕ್ಸಿನಲ್ಲಿ ರೂಟ್ ಎಂಬ ಮಹಾಧಿಕಾರಿಯುಂಟು. ಅವನ ಅಂಕೆ ಸೊನ್ನೆ. ಒಂಬತ್ತು ಗುರುತುಗಳಲ್ಲಿ ಯಾವುದೂ ಅವನು ಓದುವುದನ್ನು ತಡೆಯದು. ೬೦೦ ಎಂದು ಬರೆದು ನಿಶ್ಚಿಂತನಾದವನ ಪತ್ರಗಳು ಅವನಿಗೆ ತೆರೆದ ಪುಸ್ತಕ. ಯಂತ್ರವು ಕೆಟ್ಟಾಗ ಸರಿಪಡಿಸಲು ಇಂತಹನೊಬ್ಬನು ಬೇಕೇ ಬೇಕು. ಮನೆಗೆ ಬೆಂಕಿ ಬಿದ್ದಾಗ ಕದವನ್ನು ಒಡೆಯಲು ಅಧಿಕಾರವುಳ್ಳವನು ಬೇಕಾದಂತೆ. ಹೀಗೆ ಒಂಬತ್ತು ಗುರುತುಗಳ ಕಟ್ಟಡವೆಲ್ಲವೂ ಕಟ್ಟಕಡೆಗೆ, ಯಾವ ಗುರುತೂ ತಡೆಯದ ಒಬ್ಬ ಮನುಷ್ಯನ ಸಂಯಮದ ಮೇಲೆ ನಿಂತಿದೆ. ಅವನು ರಾತ್ರಿಯ ಹೊತ್ತು ಒಬ್ಬನೇ ಕುಳಿತಿರುವಾಗ ಸಹೋದ್ಯೋಗಿಯ ಪತ್ರವನ್ನು ತೆರೆಯದಿರುವುದಕ್ಕೆ ಯಂತ್ರದಲ್ಲಿ ಕಾರಣವಿಲ್ಲ. ತೆರೆದರೂ ಸಹೋದ್ಯೋಗಿಗೆ ತಿಳಿಯದೆ ಹೋಗಬಹುದು. ಆದರೂ ಅವನು ತೆರೆಯದಿದ್ದರೆ, ಬೀಗವು ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಧರ್ಮವು ಮೊದಲಾಯಿತೆಂದು ತಿಳಿಯಬೇಕು.

ಇಂದು ಒಬ್ಬೊಬ್ಬನ ಕೈಯಲ್ಲಿಯೂ ಒಂದೊಂದು ಗಣಕಯಂತ್ರವಿದೆ. ಅನೇಕ ದೂರವಾಣಿಗಳ ಒಡಲಿನಲ್ಲಿರುವುದು ಅದೇ ಒಂಬತ್ತು ಗುರುತುಗಳ ವ್ಯವಸ್ಥೆಯ ಸಂತತಿಯೇ. ಪತ್ರವನ್ನು ಓದಿದರೇ, ಕೊನೆಗೆ ಕಾಣಿಸಿಕೊಂಡುದು ಎಷ್ಟು ಗಂಟೆಗೆ ಎಂದು ಫಿಂಗರ್ ಅಂದು ಹೇಳುತ್ತಿದ್ದುದನ್ನೇ ಹೊಸ ಸಾಧನಗಳು ಇಂದು ಹೇಳುತ್ತಿವೆ. ಗೃಹಸ್ಥನಾದವನು ಯುನಿಕ್ಸಿನ ಅಂಕೆಗಳನ್ನು ಕಲಿಯಬೇಕಾದುದಿಲ್ಲ. ಆದರೆ ಆ ಅಂಕೆಗಳ ಹಿಂದಿರುವ ಮೂರು ಪ್ರಶ್ನೆಗಳನ್ನು ಅವನು ತನ್ನಲ್ಲಿ ಕೇಳಿಕೊಳ್ಳಬಹುದು. ತಾನು ತೋರುತ್ತಿರುವುದು ತಾನೇ ಮನಸಾರೆ ತೆರೆದಿಟ್ಟುದೋ, ಮುಚ್ಚಲು ಮರೆತುದೋ? ತಾನು ತೆರೆಯುತ್ತಿರುವ ಪೆಟ್ಟಿಗೆಯಲ್ಲಿ ಇನ್ನೊಬ್ಬರ ಪಾಲು ಇದೆಯೇ? ತೆರೆದಿರುವ ಇನ್ನೊಬ್ಬರ ಕದವನ್ನು ಕಂಡಾಗ, ಒಳಗೆ ಹೋಗಲು ಆಗುತ್ತದೆಯೆಂಬುದೊಂದೇ ಹೋಗುವುದಕ್ಕೆ ಸಾಕಾದ ಕಾರಣವೇ? ಮೊದಲನೆಯದು ತನ್ನ ಹಕ್ಕು. ಎರಡನೆಯದು ತನ್ನ ಋಣ. ಮೂರನೆಯದು ತನ್ನ ಶೀಲ. ಈ ಮೂರಕ್ಕೂ ಉತ್ತರ ಕೊಡಬಲ್ಲ ಯಂತ್ರವನ್ನು ಈವರೆಗೆ ಯಾರೂ ಮಾಡಿಲ್ಲ, ಕೊಡತಕ್ಕವನು ಮನುಷ್ಯನೇ.